ಒಂದು ಜಗಳ, ಐದು ಪ್ರಶ್ನೆ: ರಾಜಕೀಯ ಸಿದ್ಧಾಂತಗಳನ್ನು ಹೋಲಿಸಿ ನೋಡುವುದು ಹೇಗೆ

ಕೊಡಗಿನ ಅಮ್ಮತ್ತಿ ಕಡೆಯ ನಮ್ಮೂರಿನ ಗ್ರಂಥಾಲಯದಲ್ಲಿ ಭಾನುವಾರ ಮಧ್ಯಾಹ್ನ ಒಂದಷ್ಟು ಹುಡುಗ ಹುಡುಗಿಯರು ಸೇರುತ್ತಾರೆ. ಡಿಗ್ರಿ ಓದುವವರು, ಪರೀಕ್ಷೆಗೆ ತಯಾರಿ ಮಾಡುವವರು, ಪಿಕಪ್ ಓಡಿಸುವ ಒಬ್ಬ. ನಾನೂ ಹೋಗಿ ಕೂರುತ್ತೇನೆ. ಒಂದು ದಿನ ಸಮಾಜವಾದ, ಬಂಡವಾಳವಾದ ಅಂತ ಮಾತು ಶುರುವಾಗಿ ಅರ್ಧ ಗಂಟೆಯಲ್ಲಿ ಇಬ್ಬರು ಗೆಳೆಯರು ಮುಖ ತಿರುಗಿಸಿಕೊಂಡು ಕೂತುಬಿಟ್ಟರು. ಒಬ್ಬ ಸೋವಿಯತ್ ಕಾಲದ 1932-33ರ ಕ್ಷಾಮದ ಬಗ್ಗೆ ಹೇಳಿದ. ಇನ್ನೊಬ್ಬ ಬ್ರಿಟಿಷರ ಕಾಲದ 1943ರ ಬಂಗಾಳದ ಕ್ಷಾಮ ತೆಗೆದ. ಎರಡೂ ನಿಜವೇ. ಆದರೆ ನಮ್ಮೂರು ಹೇಗೆ ನಡೆಯಬೇಕು ಅನ್ನೋದಕ್ಕೆ ಆ ಜಗಳದಿಂದ ಏನೂ ಸಿಗಲಿಲ್ಲ.

ಅವತ್ತಿನ ಮೇಲೆ ನಾವು ಒಂದು ರೂಢಿ ಮಾಡಿಕೊಂಡೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನೀವು ಯಾವ ಪಕ್ಷಕ್ಕೆ ಓಟು ಹಾಕಿದರೂ ಇದನ್ನು ಮಾಡಬಹುದು. ಒಂದು ನೋಟ್‌ಬುಕ್ಕು, ಜೊತೆಗೆ ನಿಮ್ಮ ಮಾತನ್ನು ಒಪ್ಪದ ಒಬ್ಬರಾದರೂ ಗೆಳೆಯರು ಬೇಕು. ಒಪ್ಪುವವರೇ ಸೇರಿದರೆ ಸುಮ್ನೆ ಟೀ ಖರ್ಚು.

ಮೊದಲು ಊರಿನ ಒಂದು ಜಗಳ ಹುಡುಕಿ. ಸ್ವಾತಂತ್ರ್ಯ ದೊಡ್ಡದಾ, ಸಮಾನತೆ ದೊಡ್ಡದಾ ಅಂತ ಶುರು ಮಾಡಬೇಡಿ, ಅದು ಎಲ್ಲಿಗೂ ಹೋಗಿ ಮುಟ್ಟುವುದಿಲ್ಲ. ಬಾಣೆಯ (ಗದ್ದೆಗೆ ಸೇರಿದ ಗುಡ್ಡದ ಜಾಗದ) ಮರ ಯಾರದ್ದು, ತೋಟದ ಕೂಲಿಯವರಿಗೆ ಮಾಲೀಕರು ಸಾಲಾಗಿ ಕಟ್ಟಿಸಿದ ಲೈನ್ ಮನೆಯವರಿಗೆ ನಿವೇಶನ ಎಲ್ಲಿ ಕೊಡಬೇಕು, ಆನೆ ಬಂದು ತೋಟ ಮುರಿದರೆ ದುಡ್ಡು ಯಾರು ಕೊಡಬೇಕು, ಹೋಂಸ್ಟೇ ಹೆಚ್ಚಾಗಿ ತೋಡಿನ ನೀರು ಕಡಿಮೆ ಆದರೆ ಯಾರನ್ನು ಕೇಳಬೇಕು, ಇಂಥದ್ದು. ಒಂದೇ ಒಂದು ಷರತ್ತು: ಆ ಜಗಳದ ಎರಡೂ ಕಡೆಯವರು ನಿಮಗೆ ಮುಖತಃ ಗೊತ್ತಿರಬೇಕು. ಪತ್ರಿಕೆಯಲ್ಲಿ ಮಾತ್ರ ಓದಿದ ಜಗಳವಾದರೆ ಎದುರಿನವರನ್ನು ರಾಕ್ಷಸರನ್ನಾಗಿ ಮಾಡುವುದು ತುಂಬಾ ಸುಲಭ.

ಆಮೇಲೆ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಐದು ಪ್ರಶ್ನೆ ಬರೆದುಕೊಳ್ಳಿ. ಇದು ಯಾರದ್ದು? ಯಾರು ತೀರ್ಮಾನ ಮಾಡಬೇಕು? ಪೊಲೀಸ್ ಇಲ್ಲದಾಗಲೂ ಜನ ಆ ತೀರ್ಮಾನವನ್ನು ಯಾಕೆ ಪಾಲಿಸುತ್ತಾರೆ? ಕೆಟ್ಟರೆ ನಷ್ಟ ಯಾರ ತಲೆಗೆ? ಒಪ್ಪದವನಿಗೆ ಏನು ದಾರಿ ಇದೆ? ಪ್ರತಿ ಸಿದ್ಧಾಂತಕ್ಕೂ ಇದೇ ಐದು ಪ್ರಶ್ನೆ. ಒಂದಕ್ಕೆ ಕಷ್ಟದ ಪ್ರಶ್ನೆ, ಇನ್ನೊಂದಕ್ಕೆ ಸುಲಭದ್ದು ಕೇಳಿದರೆ ಅದು ಹೋಲಿಕೆಯೇ ಅಲ್ಲ. ಸಮಾಜದ ವ್ಯವಸ್ಥೆ ಅಂತ ದೊಡ್ಡ ಮಾತಲ್ಲಿ ಹೇಳುತ್ತಾರಲ್ಲ, ಅದರ ಒಳಗಿರುವುದು ಈ ಐದೇ. ಮೂರನೆಯದನ್ನು ಮಾತ್ರ ಯಾವತ್ತೂ ಬಿಡಬೇಡಿ. ಜಾಸ್ತಿ ಜನ ಬಿಡುವುದು ಅದನ್ನೇ.

ನಾವು ಮೊದಲು ತೆಗೆದುಕೊಂಡದ್ದು ಜಮ್ಮಾ ಬಾಣೆ. ಹೊರಗಿನವರಿಗೆ ಎರಡು ಮಾತು. ರಾಜರ ಕಾಲದಲ್ಲಿ ಸೈನ್ಯದ ಸೇವೆಗೆ ಪ್ರತಿಯಾಗಿ ಮನೆತನಗಳಿಗೆ ವಂಶಪಾರಂಪರ್ಯವಾಗಿ ಬಂದ ಗದ್ದೆ ಜಮ್ಮಾ, ಅದಕ್ಕೆ ಸೊಪ್ಪು, ಸೌದೆ, ಮೇವಿಗೆ ಅಂತ ಸೇರಿಕೊಂಡಿರುವ ಗುಡ್ಡದ ಜಾಗ ಬಾಣೆ. ಕಂದಾಯ ಕಡಿಮೆ. ದಾಖಲೆಯಲ್ಲಿ ಪಟ್ಟೆದಾರರ, ಅಂದರೆ ಕುಟುಂಬದ ಪರವಾಗಿ ನಿಂತ ಹಿರಿಯರ ಹೆಸರು, ಹಕ್ಕು ಇಡೀ ಕುಟುಂಬದ್ದು. ಅಲ್ಲಿ ಬೆಳೆದ ಬೀಟೆ ಮರ ಮನೆಯವರದ್ದಾ ಸರ್ಕಾರದ್ದಾ ಅನ್ನೋ ತಕರಾರು ದಶಕಗಳಿಂದ ಇದೆ.

ಈಗ ಒಬ್ಬೊಬ್ಬರನ್ನೇ ಈ ಬಾಣೆಯ ಮೇಲೆ ನಿಲ್ಲಿಸಿ.

ಸಂಪ್ರದಾಯವಾದಿ ಏನು ಹೇಳುತ್ತಾನೆ? ಫ್ರಾನ್ಸಿನ ಕ್ರಾಂತಿ ನಡೆಯುತ್ತಿದ್ದಾಗಲೇ, 1790ರಲ್ಲಿ, ಎಡ್ಮಂಡ್ ಬರ್ಕ್ ಒಂದು ಮಾತು ಹೇಳಿದ. ಸಮಾಜ ಅನ್ನೋದು ಈಗ ಬದುಕಿರುವವರ ನಡುವಿನ ಒಪ್ಪಂದ ಮಾತ್ರ ಅಲ್ಲ, ಸತ್ತವರೂ ಇನ್ನೂ ಹುಟ್ಟದವರೂ ಅದರಲ್ಲಿ ಪಾಲುದಾರರು ಅಂತ. ಐನ್‌ಮನೆಯ (ಮನೆತನದ ಮೂಲ ಮನೆ) ಕೈಮಡದ (ಹಿರಿಯರ ಗುಡಿ) ಮುಂದೆ ಹಿರಿಯರಿಗೆ ಎಡೆ ಇಟ್ಟು ನಿಂತವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಪ್ರದಾಯವಾದಿಯ ಲೆಕ್ಕದಲ್ಲಿ ಬಾಣೆ ಒಕ್ಕದ್ದು, ಅಂದರೆ ಇಡೀ ಮನೆತನದ್ದು. ನಿನಗೆ ಅದನ್ನು ನೋಡಿಕೊಳ್ಳುವ ಸರದಿ ಬಂದಿದೆ, ಅಷ್ಟೇ. ಮಾರುವ ಮಾತೇ ಇಲ್ಲ.

ಉದಾರವಾದಿ ಇದನ್ನು ಒಪ್ಪುವುದಿಲ್ಲ. ಬೆಂಗಳೂರಲ್ಲಿ ಕೆಲಸ ಮಾಡುವ ತಮ್ಮನಿಗೆ ಅವನ ಪಾಲು ಬೇಕು, ಮದುವೆಯಾಗಿ ಹೋದ ಅಕ್ಕನಿಗೂ ಬೇಕು. ಅವರನ್ನು ಒಕ್ಕದ ಹೆಸರಲ್ಲಿ ಯಾಕೆ ಕಟ್ಟಿಹಾಕುತ್ತೀರಿ ಅಂತ ಕೇಳುತ್ತಾನೆ. ಹಕ್ಕು ಇರುವುದು ಮನುಷ್ಯನಿಗೆ, ಮನೆತನಕ್ಕಲ್ಲ ಅನ್ನೋದು ಅವನ ವಾದ. 17ನೇ ಶತಮಾನದ ಜಾನ್ ಲಾಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೆಲಕ್ಕೆ ಯಾರು ತಮ್ಮ ದುಡಿಮೆ ಬೆರೆಸುತ್ತಾರೋ ನೆಲ ಅವರದ್ದು ಅಂದ. ಇಲ್ಲಿ ನಮ್ಮ ಗುಂಪಿನ ಒಬ್ಬಳು ಹುಡುಗಿ ಕೇಳಿದ ಪ್ರಶ್ನೆಗೆ ಎಲ್ಲರೂ ಸುಮ್ಮನಾದೆವು. "ಹಾಗಾದ್ರೆ ಸಾರ್, ಗುಂಡಿ ತೋಡಿದ್ದು ಯಾರು, ಗಿಡ ನೆಟ್ಟಿದ್ದು ಯಾರು?" ಲಾಕ್ ಹೇಳಿದ ಅದೇ ವಾದವನ್ನು ಹಿಡಿದುಕೊಂಡು ಸಮಾಜವಾದಿ ಎದುರು ಬಂದು ನಿಂತ ಹಾಗಾಯಿತು. ಬೆವರಿನ ಲೆಕ್ಕ ಅಂದರೆ ತೋಟದಲ್ಲಿ ದುಡಿದ ಆದಿವಾಸಿ ಯರವರ ಬೆವರನ್ನೂ ಎಣಿಸಬೇಕು ಅಲ್ವಾ. ಎರಡು ಸಿದ್ಧಾಂತಗಳು ಒಂದೇ ಬೇರಿನಿಂದ ಹೊರಟು ಎಲ್ಲಿ ಕವಲು ಒಡೆಯುತ್ತವೆ ಅನ್ನೋದು ಹೀಗೆ ಒಂದು ಜಾಗದ ಮೇಲೆ ನಿಂತು ಕೇಳಿದರೆ ಕಾಣುತ್ತದೆ. ಪುಸ್ತಕದ ಪಟ್ಟಿಯಲ್ಲಿ ಕಾಣುವುದಿಲ್ಲ.

ಗಾಂಧಿ ದಾರಿ ಬೇರೆ. ಧಣಿ ಧಣಿಯಾಗಿಯೇ ಇರಲಿ, ಆದರೆ ಆಸ್ತಿಯನ್ನು ಊರಿನ ಪರವಾಗಿ ಇಟ್ಟುಕೊಂಡ ಧರ್ಮದರ್ಶಿಯ ಹಾಗೆ ನಡೆದುಕೊಳ್ಳಲಿ ಅಂದರು. ನನಗೆ ಈ ಮಾತಿನ ಮೇಲೆ ಗೌರವ ಇದೆ. ಆದರೆ ಐದನೇ ಪ್ರಶ್ನೆಗೆ, ಧಣಿ ಹಾಗೆ ನಡೆದುಕೊಳ್ಳದಿದ್ದರೆ ಏನು ದಾರಿ ಅನ್ನೋದಕ್ಕೆ, ಸತ್ಯಾಗ್ರಹ ಮಾಡಿ ಅನ್ನುವುದೇ ಅವರ ಉತ್ತರ. ನಾಳೆಯ ಕೂಲಿ ನಂಬಿಕೊಂಡವರಿಗೆ ಸತ್ಯಾಗ್ರಹ ಎಷ್ಟು ದಿನ ಸಾಧ್ಯ?

ಇನ್ನು ಥಾಮಸ್ ಹಾಬ್ಸ್. ಇಂಗ್ಲೆಂಡಿನ ಅಂತರ್ಯುದ್ಧವನ್ನು ಕಂಡು 1651ರಲ್ಲಿ ಬರೆದವನು. ಜನರನ್ನು ಅವರ ಪಾಡಿಗೆ ಬಿಟ್ಟರೆ ಒಬ್ಬರನ್ನೊಬ್ಬರು ಕೊಂದುಕೊಳ್ಳುತ್ತಾರೆ, ಆದ್ದರಿಂದ ಎಲ್ಲರೂ ಹೆದರುವ ಒಂದು ದೊಡ್ಡ ಶಕ್ತಿ ಬೇಕು ಅಂತ ಅವನ ವಾದ. ಬಾಣೆ ಯಾರದ್ದಾದರೂ ಆಗಲಿ, ತಕರಾರು ಮುಗಿಸುವ ಒಬ್ಬನಿರಲಿ ಅನ್ನುತ್ತಾನೆ. ಇವನ ಮಾತನ್ನು ಕೊಡಗಿನಲ್ಲಿ ಕೂತು ಪರೀಕ್ಷೆ ಮಾಡುವುದು ಸ್ವಾರಸ್ಯ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್‌ನಿಂದ ವಿನಾಯಿತಿ ಇದೆ, 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಹಾಬ್ಸ್ ಪ್ರಕಾರ ಇಲ್ಲಿ ದಿನಾ ರಕ್ತ ಹರಿಯಬೇಕಿತ್ತು. ಹರಿಯುತ್ತಿಲ್ಲ. ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಮನೆಯಲ್ಲಿ ಅದನ್ನು ಯಾವಾಗ ಎತ್ತಬಾರದು ಅನ್ನೋದನ್ನೂ ಮಕ್ಕಳು ಕಲಿಯುತ್ತಾರೆ. ಭಯ ಒಂದೇ ವ್ಯವಸ್ಥೆಯ ಬುಡ ಅಲ್ಲ ಅನ್ನೋದಕ್ಕೆ ಇಷ್ಟು ಸಾಕು.

ಮೂರನೇ ಪ್ರಶ್ನೆ ಬಿಡಬೇಡಿ ಅಂದೆನಲ್ಲ, ಅದಕ್ಕೆ ದೇವರಕಾಡು ನೋಡಿ. ಜಿಲ್ಲೆಯಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಬೇಲಿ ಇಲ್ಲ, ಕಾವಲುಗಾರ ಇಲ್ಲ. ಆದರೂ ಎಷ್ಟೋ ಕಾಡಲ್ಲಿ ತಲೆಮಾರುಗಳ ಕಾಲ ಒಂದು ಕಡ್ಡಿ ಮುರಿದವರಿಲ್ಲ. ದೇವರು ಮುನಿಯುತ್ತಾನೆ ಅನ್ನೋ ಅಂಜಿಕೆ, ಊರ ತಕ್ಕರ (ಊರ ಮುಖ್ಯಸ್ಥರ) ಮಾತು, ವರ್ಷಕ್ಕೊಮ್ಮೆ ಹಬ್ಬಕ್ಕೆ ಎಲ್ಲರೂ ಅಲ್ಲಿ ಸೇರುವುದು, ಇವೆಲ್ಲ ಸೇರಿ ಕಾನೂನು ಮಾಡದ ಕೆಲಸ ಮಾಡಿದವು. ಸಂಪ್ರದಾಯವಾದಿಯ ಪುಟದಲ್ಲಿ ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಅದೇ ಪುಟದಲ್ಲಿ ಇನ್ನೊಂದನ್ನೂ ಬರೆಯಬೇಕು. ಕಾಫಿಗೆ ಬೆಲೆ ಬಂದಾಗ ಅದೇ ದೇವರಕಾಡಿನ ಅಂಚು ಒತ್ತುವರಿಯಾಯಿತು. ಅಂಜಿಕೆ ಕರಗಿದ ಮೇಲೆ ಹಿಡಿದಿಡಲು ಬೇರೆ ಏನೂ ಇರಲಿಲ್ಲ. ಇನ್ನೂ ಭಾರವಾದದ್ದು, ಇದೇ ಹಳೆಯ ವ್ಯವಸ್ಥೆಯ ಒಳಗೇ ಯರವರು ತಲೆಮಾರುಗಟ್ಟಲೆ ಜೀತದಲ್ಲಿದ್ದರು. ಹಿರಿಯರು ನಡೆಸಿಕೊಂಡು ಬಂದದ್ದು ಅನ್ನೋ ಒಂದೇ ಕಾರಣ ಕಾಡನ್ನೂ ಉಳಿಸಿತು, ಜೀತವನ್ನೂ ಉಳಿಸಿತು. ಜೀತ ಮುಗಿಸಲು 1976ರ ಕೇಂದ್ರದ ಕಾನೂನು ಬರಬೇಕಾಯಿತು.

ಇಲ್ಲಿಗೆ ಬಂದ ಮೇಲೆ ಒಂದು ಎಚ್ಚರಿಕೆ. ಪಕ್ಷವನ್ನೂ ಸಿದ್ಧಾಂತವನ್ನೂ ಒಂದೇ ಅಂತ ಹಿಡಿಯಬೇಡಿ. ಹೆಸರು ಕೇಳಿ ಕೆಲಸ ಊಹಿಸಲೂಬೇಡಿ. ನಮ್ಮಲ್ಲಿ ಉಳುವವನೇ ಭೂಮಿಯ ಒಡೆಯ ಅಂದದ್ದು ದೇವರಾಜ ಅರಸು ಅವರ ಕಾಂಗ್ರೆಸ್ ಸರ್ಕಾರ, 1974ರಲ್ಲಿ. ಕೊಡಗಿನ ಗಡಿಯ ಕುಟ್ಟ ದಾಟಿದರೆ ವಯನಾಡು, ಅಲ್ಲಿ 1970ರ ಜನವರಿ 1ರಿಂದ ಜಮೀನ್ದಾರಿ ಪದ್ಧತಿ ಮುಗಿಯಿತು, ಆಗ ಕೇರಳದ ಮುಖ್ಯಮಂತ್ರಿ ಕಮ್ಯುನಿಸ್ಟ್ ಪಕ್ಷದ ಅಚ್ಯುತ ಮೆನನ್. ಎರಡು ಪಕ್ಷ, ಎರಡು ರಾಜ್ಯ. ಆದರೆ ಎರಡೂ ಕಾನೂನು ಪ್ಲಾಂಟೇಶನ್‌ಗಳನ್ನು ಹೊರಗೆ ಬಿಟ್ಟವು. ಕಾಫಿ ತೋಟ ಆ ಕಡೆಯೂ ಉಳಿಯಿತು, ಈ ಕಡೆಯೂ ಉಳಿಯಿತು. ಗದ್ದೆಯಲ್ಲಿ ಗೇಣಿದಾರನಾಗಿದ್ದವನಿಗೆ ನೆಲ ಸಿಕ್ಕಿತು, ತೋಟದಲ್ಲಿ ಕೂಲಿಯಾಗಿದ್ದವನಿಗೆ ಸಿಗಲಿಲ್ಲ. ಗೇಣಿದಾರನಲ್ಲದ್ದರಿಂದ ಅವನು ಆ ಲೆಕ್ಕಕ್ಕೇ ಬರಲಿಲ್ಲ. ಕೊಡಗಿನ ಇವತ್ತಿನ ನಿವೇಶನದ ಗೋಳಿಗೆ ಬೇರು ಇಲ್ಲಿದೆ ಅಂತ ನಾನು ನಂಬುತ್ತೇನೆ. ಹಾಗಾಗಿ ಒಂದು ಸಿದ್ಧಾಂತ ಏನು ಹೇಳುತ್ತದೆ ಅಂತ ಬರೆದ ಪಕ್ಕದಲ್ಲೇ, ಅದರ ಹೆಸರಲ್ಲಿ ಆಡಳಿತ ನಡೆದಾಗ ಯಾರನ್ನು ಹೊರಗೆ ಬಿಟ್ಟರು ಅಂತಲೂ ಬರೆಯಿರಿ.

ಭಾಷೆ, ನಾಡು, ಸ್ವಂತ ಆಡಳಿತ, ಇವೂ ಸಿದ್ಧಾಂತಗಳೇ. 1952ರಲ್ಲಿ ಕೊಡಗು ಇನ್ನೂ ಪ್ರತ್ಯೇಕ ರಾಜ್ಯ, ಆಗಿನ ವಿಂಗಡಣೆಯಲ್ಲಿ 'ಸಿ' ದರ್ಜೆಯದ್ದು. 24 ಸ್ಥಾನದ ವಿಧಾನಸಭೆಗೆ ಚುನಾವಣೆ ನಡೆದು 15ರಲ್ಲಿ ಕಾಂಗ್ರೆಸ್ ಗೆದ್ದಿತು, ಉಳಿದ 9 ಪಕ್ಷೇತರರ ಪಾಲಾಯಿತು. ಮೈಸೂರಿಗೆ ಸೇರಬೇಕಾ ಬೇಡವಾ ಅನ್ನೋದೇ ಆಗಿನ ದೊಡ್ಡ ಮಾತು. ಪಂದ್ಯಂಡ ಬೆಳ್ಳಿಯಪ್ಪನವರ ತಕ್ಕಡಿ ಗುಂಪು ಬೇಡ ಅಂದಿತು. 1956ರ ನವೆಂಬರ್ 1ಕ್ಕೆ ವಿಲೀನವಾಯಿತು. ನಿಮ್ಮ ಊರಲ್ಲಿ ಎಂಬತ್ತು ದಾಟಿದವರಿದ್ದರೆ ಹೋಗಿ ಕೇಳಿ, ಎರಡೂ ಕಡೆಯ ವಾದ ಇನ್ನೂ ಬಿಸಿಯಾಗಿಯೇ ಸಿಗುತ್ತದೆ.

ಹೋಲಿಸುವಾಗ ಎಲ್ಲರೂ ಮಾಡುವ ತಪ್ಪು ಒಂದಿದೆ. ನಮ್ಮ ಸಿದ್ಧಾಂತದ ಆಸೆಯನ್ನು ಎದುರಿನವರ ಅನುಭವದ ಪಕ್ಕ ಇಡುತ್ತೇವೆ. ಹಾಗೆ ಮಾಡಿದರೆ ಯಾವಾಗಲೂ ನಾವೇ ಗೆಲ್ಲುತ್ತೇವೆ. ಆಸೆಯ ಪಕ್ಕ ಆಸೆ ಇಡಿ, ಕೆಟ್ಟ ವರ್ಷದ ಪಕ್ಕ ಕೆಟ್ಟ ವರ್ಷ ಇಡಿ. ಕಾಫಿಯನ್ನೇ ತೆಗೆದುಕೊಳ್ಳಿ. ಎರಡನೇ ಮಹಾಯುದ್ಧದಲ್ಲಿ ಹೊರದೇಶದ ಮಾರುಕಟ್ಟೆ ಕೈತಪ್ಪಿದಾಗ ಬೆಳೆಗಾರ ಮುಳುಗಬಾರದು ಅಂತ ಪೂಲ್ ವ್ಯವಸ್ಥೆ ಬಂತು, 1942ರಲ್ಲಿ ಅದಕ್ಕೆ ಕಾಯ್ದೆಯಾಯಿತು. ಮನೆ ಬಳಕೆಗೆ ಬೇಕಾದಷ್ಟು ಬಿಟ್ಟು ಉಳಿದ ಕಾಫಿಯೆಲ್ಲ ಪೂಲ್‌ಗೆ. ಎಲ್ಲರ ಕಾಫಿಯನ್ನೂ ಒಟ್ಟಿಗೆ ಮಾರಿ, ಬೆಳೆಗಾರನಿಗೆ ದುಡ್ಡು ಕಂತಿನಲ್ಲಿ. ಬೇರೆ ಕಡೆ ಮಾರಿದರೆ ಅಪರಾಧ. ಎರಡು ಎಕರೆಯವನೂ ಇನ್ನೂರು ಎಕರೆಯವನೂ ಒಂದೇ ಸಾಲಿನಲ್ಲಿ ನಿಂತರು, ಅದು ಆ ವ್ಯವಸ್ಥೆಯ ಒಳ್ಳೆಯ ಮುಖ. ನಿನ್ನ ಬೆಳೆಗೆ ನೀನು ಬೆಲೆ ಕೇಳುವ ಹಾಗಿಲ್ಲ, ಅದು ಇನ್ನೊಂದು ಮುಖ. 1992ರಿಂದ ಹಂತ ಹಂತವಾಗಿ ಸಡಿಲವಾಗಿ 1996ಕ್ಕೆ ಮಾರಾಟ ಪೂರ್ತಿ ಮುಕ್ತವಾಯಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಲೋಕಕ್ಕೆಲ್ಲ ಕಾಫಿ ಬೆಲೆ ಏರಿದ್ದೂ ಹೆಚ್ಚು ಕಡಿಮೆ ಅದೇ ಹೊತ್ತು. ನಮ್ಮ ಅಪ್ಪ ಕಣದಲ್ಲೇ ಮೂಟೆ ತೂಗಿ ದುಡ್ಡು ಎಣಿಸಿಕೊಂಡ ಸಂಜೆ ನನಗೆ ನೆನಪಿದೆ, ಎರಡು ಸಲ ಎಣಿಸಿ ಕಟ್ಟನ್ನು ಅಮ್ಮನ ಕೈಗೆ ಕೊಟ್ಟರು. ಆ ಸಂಜೆ ಯಾರಾದರೂ ಕೇಳಿದ್ದರೆ ಮಾರುಕಟ್ಟೆಯೇ ದೇವರು ಅನ್ನುತ್ತಿದ್ದೆವು. 2001ರ ಹೊತ್ತಿಗೆ ಬೆಲೆ ಎಷ್ಟು ಬಿತ್ತು ಅಂದರೆ ನಮ್ಮ ಮೂರು ಎಕರೆಯಲ್ಲಿ ಕೆಲವು ಸಾಲಿನ ಹಣ್ಣು ಗಿಡದಲ್ಲೇ ಒಣಗಿತು, ಕೊಯ್ಲಿನ ಕೂಲಿ ಹುಟ್ಟುತ್ತಿರಲಿಲ್ಲ. ವಿಯೆಟ್ನಾಂನಲ್ಲಿ ರೋಬಸ್ಟಾ ಜಾಸ್ತಿಯಾದದ್ದಕ್ಕೆ ಅಮ್ಮತ್ತಿಯಲ್ಲಿ ಸಾಲ. ಪೂಲ್ ಕಾಲದ ಕೆಟ್ಟ ವರ್ಷದಲ್ಲಿ ಏಟು ಎಲ್ಲರಿಗೂ ಹಂಚಿಹೋಗುತ್ತಿತ್ತು, ಮುಕ್ತ ಮಾರುಕಟ್ಟೆಯ ಕೆಟ್ಟ ವರ್ಷದಲ್ಲಿ ಒಬ್ಬೊಬ್ಬನ ಮೇಲೇ ಬಿತ್ತು. ಒಳ್ಳೆಯ ವರ್ಷದಲ್ಲಿ ಇದೇ ತಿರುಗುಮುರುಗು. 2024ರಲ್ಲಿ ರೋಬಸ್ಟಾಕ್ಕೆ ಹಿಂದೆಂದೂ ಕಾಣದ ಬೆಲೆ ಬಂತು, ಲಾಭ ಬೆಳೆಗಾರನ ಕೈಗೇ ಬಂತು. ನನಗೂ ಬಂತು, ಸಂತೋಷವಾಯಿತು. ಹಣ್ಣು ಕೊಯ್ದವರ ಕೂಲಿ ಮಾತ್ರ ಅದೇ ಲೆಕ್ಕದಲ್ಲಿ ಏರಲಿಲ್ಲ.

ಅದಕ್ಕೇ ನಾಲ್ಕು ಮತ್ತು ಐದನೇ ಪ್ರಶ್ನೆಯನ್ನು ಲೈನ್ ಮನೆಯಲ್ಲಿ ಹೋಗಿ ಕೇಳಬೇಕು. ಒಂದು ಜನವರಿ ಸಂಜೆ ನಾನು ಹೋಗಿದ್ದೆ. ಎಂಟು ಬಾಗಿಲು ಸಾಲಾಗಿ, ಎಂಟಕ್ಕೂ ಸೇರಿ ಒಂದು ನಲ್ಲಿ. ನಲ್ಲಿಯ ಬಾಯಿಗೆ ಬಟ್ಟೆ ಕಟ್ಟಿತ್ತು, ಕೆಳಗೆ ಬಣ್ಣಬಣ್ಣದ ಕೊಡಗಳು ಸರದಿ ಕಾಯುತ್ತಿದ್ದವು. ಒಬ್ಬ ಅಕ್ಕ ಆಗಷ್ಟೇ ಕೆಲಸ ಮುಗಿಸಿ ಬಂದು ಕೂತಿದ್ದರು, ಬೆರಳ ತುದಿಯೆಲ್ಲ ಕಾಫಿ ಹಣ್ಣಿನ ಕಪ್ಪು. ಕೂಲಿ ಬಗ್ಗೆ ಕೇಳಿದೆ. "ಕೂಲಿ ಇರ್ಲಿ ಅಣ್ಣ," ಅಂದರು. "ರೈಟರ್ ಹತ್ರ ಒಂದು ಮಾತು ಜಾಸ್ತಿ ಆಡಿದ್ರೆ, ಸಂಜೆ ಪಾತ್ರೆ ಎಲ್ಲಿ ಇಡೋದು ಅನ್ನೋದೇ ಯೋಚ್ನೆ." ರೈಟರ್ ಅಂದರೆ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವನು. ನಾನು ಹಾಬ್ಸ್‌ನನ್ನೂ ಲಾಕ್‌ನನ್ನೂ ಓದಿದ್ದೆ. ಆದರೆ ಮನೆ ಮತ್ತು ಕೆಲಸ ಒಂದೇ ಕೈಯಲ್ಲಿದ್ದರೆ ಮನುಷ್ಯನಿಗೆ ಬಾಯಿ ಇರುವುದಿಲ್ಲ ಅನ್ನೋದು ಆ ಒಂದು ಮಾತಲ್ಲಿ ಅರ್ಥವಾದ ಹಾಗೆ ಆ ಪುಸ್ತಕಗಳಲ್ಲಿ ಅರ್ಥವಾಗಿರಲಿಲ್ಲ.

ಈಗ ಎಲ್ಲ ಸಿದ್ಧಾಂತವನ್ನೂ ಆ ನಲ್ಲಿಯ ಹತ್ತಿರ ಕರೆದು ನಿಲ್ಲಿಸಿ. ಇಷ್ಟವಿಲ್ಲದಿದ್ದರೆ ಬೇರೆ ತೋಟಕ್ಕೆ ಹೋಗಬಹುದಲ್ಲ ಅನ್ನುತ್ತಾನೆ ಮುಕ್ತ ಮಾರುಕಟ್ಟೆಯವನು. ಹೋಗಬಹುದು, ಅಲ್ಲೂ ಲೈನ್ ಮನೆಯೇ. ಕಲ್ಯಾಣ ರಾಜ್ಯದ ಸಿದ್ಧಾಂತ 1951ರಲ್ಲಿ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ತಂದು, ಮಾಲೀಕ ಮನೆ ಕೊಡಲೇಬೇಕು, ಔಷಧಿ ನೋಡಲೇಬೇಕು ಅಂತ ಮಾಡಿತು. ಒಳ್ಳೆಯ ಕಾಯ್ದೆ, ಆದರೆ ಅದು ಕೊಡಿಸಿದ ಮನೆಯೂ ಕೆಲಸಕ್ಕೇ ಅಂಟಿಕೊಂಡಿತು. ಸ್ವಂತ ಹೆಸರಲ್ಲಿ ಹಕ್ಕುಪತ್ರ ಇರುವ ಒಂದು ತುಂಡು ನೆಲ ಬೇಕು ಅನ್ನುವವರು ಇನ್ನೊಂದು ಕಡೆ. 2016ರಲ್ಲಿ ಸಿದ್ದಾಪುರದ ಹತ್ತಿರ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿದ ಆದಿವಾಸಿಗಳಲ್ಲಿ ಬಹಳ ಮಂದಿ ತೋಟದ ಲೈನ್ ಮನೆ ಬಿಟ್ಟು ಬಂದವರು. ಅದು ಕಾಡು ಅಂತ ಡಿಸೆಂಬರ್‌ನಲ್ಲಿ ತೆರವು ಮಾಡಿದರು, ದೊಡ್ಡ ಹೋರಾಟವಾಯಿತು, ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಕೊಟ್ಟರು. ಕಾಡು ಉಳಿಯಬೇಕು ಅನ್ನುವವರ ಮಾತೂ ಸುಳ್ಳಲ್ಲ, ಆನೆ ಎಲ್ಲಿಗೆ ಹೋಗಬೇಕು ಹೇಳಿ. ಈ ಪುಟ ಬರೆಯಲು ನಮಗೆ ಮೂರು ಭಾನುವಾರ ಬೇಕಾಯಿತು. ನಿಮಗೂ ಅಷ್ಟೇ ಬೇಕಾಗಬಹುದು, ಅವಸರ ಮಾಡಬೇಡಿ.

ಎಲ್ಲರ ವಾದವೂ ತಮ್ಮ ತಮ್ಮ ಹೊಲಕ್ಕೇ ನೀರು ಹರಿಸುತ್ತಿದೆ ಅನಿಸಿದಾಗ ಒಂದು ಚೀಟಿ ಆಟ ಆಡಿ. ಅಮೆರಿಕದ ಜಾನ್ ರಾಲ್ಸ್ ಅನ್ನುವವರು 1971ರಲ್ಲಿ ಮುಂದಿಟ್ಟ ಯೋಚನೆ ಇದು, ನಾವು ಊರಿಗೆ ಹೊಂದಿಸಿಕೊಂಡಿದ್ದೇವೆ. ಚೀಟಿಗಳಲ್ಲಿ ಒಂದೊಂದು ಬದುಕು ಬರೆಯಿರಿ. ಇನ್ನೂರು ಎಕರೆ ತೋಟದ ಯಜಮಾನ. ಮೂರು ಎಕರೆಯ ಬೆಳೆಗಾರ. ಸೈನ್ಯದಿಂದ ನಿವೃತ್ತಿಯಾಗಿ ಬಂದವರು. ಹಾಡಿಯ ಜೇನು ಕುರುಬ ಹುಡುಗ. ಅಸ್ಸಾಂನಿಂದ ಕೊಯ್ಲಿಗೆ ಬಂದ ಗರ್ಭಿಣಿ. ಬೇರೆ ಮನೆತನಕ್ಕೆ ಹೋದ ಒಕ್ಕದ ಮಗಳು. ಎಲ್ಲವನ್ನೂ ಡಬ್ಬಿಗೆ ಹಾಕಿ ಕುಲುಕಿ. ಮೊದಲು ನಿಯಮ ತೀರ್ಮಾನವಾಗಬೇಕು, ಬಾಣೆ ಯಾರದ್ದು, ನಲ್ಲಿ ಯಾರದ್ದು, ನಿವೇಶನ ಯಾರಿಗೆ ಅಂತ. ಆಮೇಲೆ ಚೀಟಿ ಎತ್ತಬೇಕು, ಎತ್ತಿದ ಬದುಕೇ ನಿಮ್ಮದು. ನಮ್ಮಲ್ಲಿ ಅತಿ ಜೋರಾಗಿ ಪಾಲು ಪಟ್ಟಿಯ ವಿರುದ್ಧ ಮಾತಾಡಿದವನಿಗೆ ಒಕ್ಕದ ಮಗಳ ಚೀಟಿ ಬಂತು. ಆ ಹುಡುಗ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು, ಇನ್ನೊಂದು ಸಲ ಮೊದಲಿಂದ ಮಾತಾಡೋಣ ಅಂದ.

ಮಾತಾಡುವಾಗ ಒಂದು ಕಟ್ಟುಪಾಡು ಇಟ್ಟುಕೊಳ್ಳಿ. ಎದುರಿನವನ ವಾದವನ್ನು ಮೊದಲು ನೀವೇ ಹೇಳಿ, ಅವನು "ಹೌದು, ಇದನ್ನೇ ನಾನು ಹೇಳೋದು" ಅಂದ ಮೇಲೆ ನಿಮ್ಮ ಉತ್ತರ ಕೊಡಿ. ಮುಖ ತಿರುಗಿಸಿಕೊಂಡಿದ್ದ ಆ ಇಬ್ಬರು ಗೆಳೆಯರು ಮತ್ತೆ ಪಕ್ಕಪಕ್ಕ ಕೂತದ್ದು ಇದರಿಂದಲೇ.

ಯಾವ ಸಿದ್ಧಾಂತ ಗೆದ್ದಿತು ಅಂತ ನೀವು ಕೇಳಬಹುದು. ನನ್ನ ಮನಸ್ಸು ಅಂಬೇಡ್ಕರ್ ಕಡೆ ವಾಲುತ್ತದೆ, ಮುಚ್ಚಿಡುವುದಿಲ್ಲ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು ಎಚ್ಚರಿಸಿದ್ದು ಇದನ್ನೇ: ರಾಜಕೀಯದಲ್ಲಿ ಒಬ್ಬರಿಗೆ ಒಂದು ಓಟು, ಎಲ್ಲರೂ ಸಮ, ಆದರೆ ಸಮಾಜದಲ್ಲಿ, ಸಂಪತ್ತಿನಲ್ಲಿ ಅಸಮಾನತೆ. ಈ ಎರಡನ್ನೂ ಹೀಗೇ ಬಹಳ ಕಾಲ ಇಟ್ಟುಕೊಂಡರೆ ಪ್ರಜಾಪ್ರಭುತ್ವಕ್ಕೇ ಅಪಾಯ. ಸ್ವಾತಂತ್ರ್ಯ, ಸಮಾನತೆ, ಬಂಧುತ್ವ ಮೂರನ್ನೂ ಬಿಡಿಸಿ ನೋಡಬೇಡಿ ಅಂದರು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಊರೂರೇ ಖಾಲಿಯಾದಾಗ ಆ ಮೂರನೆಯದನ್ನು ನಾನು ಕಣ್ಣಾರೆ ಕಂಡೆ. ಸೈನ್ಯ, ಸರ್ಕಾರ ಬಂದವು, ಬರಲೇಬೇಕಿತ್ತು. ಅದಕ್ಕೂ ಮೊದಲು ಕತ್ತಲಲ್ಲಿ ಟಾರ್ಚ್ ಹಿಡಿದು ಬಂದದ್ದು ಪಕ್ಕದ ಮನೆಯವರು, ಪರಿಹಾರ ಕೇಂದ್ರದ ಒಂದೇ ಸಾಲಿನಲ್ಲಿ ಐನ್‌ಮನೆಯವರೂ ಲೈನ್ ಮನೆಯವರೂ ತಟ್ಟೆ ಹಿಡಿದು ನಿಂತಿದ್ದರು. ಒಂದು ತಿಂಗಳು ಕಳೆಯುವಷ್ಟರಲ್ಲಿ ಸಾಲುಗಳು ಮತ್ತೆ ಬೇರೆಯಾದವು. ಆ ಬಂಧುತ್ವವನ್ನು ಮಳೆ ನಿಂತ ಮೇಲೂ ಉಳಿಸುವ ವ್ಯವಸ್ಥೆ ಯಾವುದು ಅನ್ನೋದು ನನ್ನ ನೋಟ್‌ಬುಕ್ಕಿನಲ್ಲಿ ಇನ್ನೂ ಖಾಲಿ ಇರುವ ಜಾಗ.

ನಿಮ್ಮ ಪುಟ ತುಂಬಿದ ಮೇಲೆ ಅದನ್ನು ತೆಗೆದುಕೊಂಡು ಗ್ರಾಮಸಭೆಗೆ ಹೋಗಿ. ಕೆಳಗೆ ತಾರೀಖು ಹಾಕಿ, ಮುಂದಿನ ಕೊಯ್ಲು ಮುಗಿದ ಮೇಲೆ ಮತ್ತೆ ಓದಿ, ಅಭಿಪ್ರಾಯ ಬದಲಾದ ಕಡೆ ಹಳೆಯದನ್ನು ಅಳಿಸದೆ ಪಕ್ಕದಲ್ಲಿ ಬರೆಯಿರಿ. ನಾವು ಈ ಭಾನುವಾರ ಆನೆ ಕಂದಕ ತೆಗೆದುಕೊಂಡಿದ್ದೇವೆ. ಕಂದಕ ತೋಡಿದರೆ ಆನೆ ಪಕ್ಕದ ಊರಿಗೆ ಹೋಗುತ್ತದೆ, ಆ ಊರಿನವರನ್ನೂ ಕರೆದಿದ್ದೇವೆ.